ನಂಬಿಕೆಯ ಬೇರು

ಹಿರಿಯೂರು ತಾಲೂಕಿನ ಯಲ್ಲದಕೆರೆಯಲ್ಲಾಗಲಿ, ಕನ್ನಡನಾಡಿನ ಬೇರಾವ ಊರಿನಲ್ಲಾಗಲಿ ಒಬ್ಬನನ್ನು ‘ನಂಬಿಗಸ್ತ’ ಎಂದಾಗ ಅವನ ದೇವರು ಯಾರೆಂದು ಯಾರೂ ಕೇಳುವುದಿಲ್ಲ. ಆಡಿದ ಮಾತು ಉಳಿಸಿಕೊಳ್ಳುತ್ತಾನೆ, ಇಟ್ಟ ಹಣ ಹಿಂದಿರುಗಿಸುತ್ತಾನೆ ಎಂದಷ್ಟೇ ಅದರರ್ಥ.

ಧರ್ಮಶ್ರದ್ಧೆಗೆ ಇಂಗ್ಲಿಷರು ಬಳಸುವ ‘ಫೇತ್’ ಪದದ ಮೂಲಾರ್ಥವೂ ಇದೇ. 13ನೇ ಶತಮಾನದಲ್ಲಿ ಫ್ರೆಂಚಿನ ಮೂಲಕ ಬಂದ ಆ ಪದದ ಬೇರು ಲ್ಯಾಟಿನ್ನಿನ ‘ಫಿದೇಸ್’. ಅಂದರೆ ಭರವಸೆ, ನಿಷ್ಠೆ, ಕೊಟ್ಟ ಮಾತು. ಅದಕ್ಕಿಂತ ಹಳೆಯದಾದ ‘ಬಿಲೀಫ್’ ಪದ ಪ್ರೀತಿವಾಚಕವಾದ ‘ಲವ್’ನ ಬಂಧು. ಒಂದು ಸಂಗತಿ ನಿಜವೆಂದು ಬುದ್ಧಿಯಿಂದ ಒಪ್ಪುವುದೆಂಬ ಅರ್ಥ ಅದರಲ್ಲಿ ಮೇಲುಗೈ ಪಡೆದದ್ದು ಈಚಿನ ಶತಮಾನಗಳಲ್ಲಿ ಎಂದು ವಿದ್ವಾಂಸ ವಿಲ್‌ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1979ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ.

ಅರಬಿಯ ‘ಈಮಾನ್’ ಕೂಡ ನಿರ್ಭಯ, ಸುರಕ್ಷತೆ ಎಂಬರ್ಥದ ಧಾತುವಿನಿಂದ ಹುಟ್ಟಿದೆ. ನಂಬಿ ಒಪ್ಪಿಸಿದ ವಸ್ತುವಿಗೆ ಹೇಳುವ ‘ಅಮಾನತ್’ ಅದೇ ಧಾತುವಿನದು. ಕನ್ನಡದಲ್ಲಿ ಠೇವಣಿಗೆ ಹೇಳುವ ‘ಅಮಾನತ್ತು’, ನ್ಯಾಯಾಲಯದ ‘ಅಮೀನ’ ಇವೂ ಅದೇ ಮನೆತನದ ಮಾತುಗಳು.

‘ನೀನು ಏನನ್ನು ನಂಬುತ್ತೀಯೆ?’ ಎಂದು ಕೇಳಿ ಇಂದು ನಾವು ಮನುಷ್ಯರನ್ನು ಬೇರ್ಪಡಿಸುತ್ತಿದ್ದೇವೆ. ‘ನಿನ್ನನ್ನು ನಂಬಬಹುದೇ?’ ಎಂಬುದು ಈ ಪದಗಳ ಹಳೆಯ ಪ್ರಶ್ನೆ. ನೆರೆಯವನ ಎದುರು ಮೊದಲು ಉತ್ತರಿಸಬೇಕಾದುದು ಅದಕ್ಕೇ.