ಹಳೆಯ ಸ್ಯಾಕ್ಸೊಫೋನುಗಳ ಜೀರ್ಣೋದ್ಧಾರ

1846ರಲ್ಲಿ ಅಡಾಲ್ಫ್ ಸ್ಯಾಕ್ಸನು ಪ್ಯಾರಿಸಿನಲ್ಲಿ ಸನ್ನದು ಪಡೆದ ಸ್ಯಾಕ್ಸೊಫೋನಿನ ಒಡಲು ಹಿತ್ತಾಳೆಯದು. ಅದು ಶತಮಾನಕಾಲ ಬಾಳಬಲ್ಲುದು. ರಂಧ್ರಗಳನ್ನು ಮುಚ್ಚುವ ಬಿಲ್ಲೆಗಳಾದರೋ ಚರ್ಮದವು. ಅವು ಒಣಗಿ ಬಿರಿದರೆ ಗಾಳಿ ಸೋರಿ ನಾದವು ಕೆಡುವುದು. ಆದುದರಿಂದ ಹಳೆಯ ವಾದ್ಯಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಕತ್ತಲೆಯಲ್ಲಿ ಕೊಳವೆಯೊಳಗೆ ದೀಪವನ್ನಿಳಿಸಿ, ಬೆಳಕು ಇಣುಕುವೆಡೆಯ ಬಿಲ್ಲೆಗಳನ್ನು ಸರಿಪಡಿಸುವರು.

ಆದರೆ ಎಲ್ಲವೂ ದುರಸ್ತಿಗೆ ಒಳಪಡದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಕಾರ್ಖಾನೆಗಳು ಏರುಶ್ರುತಿ, ತಗ್ಗುಶ್ರುತಿ ಎಂಬ ಎರಡು ಬಗೆಯ ವಾದ್ಯಗಳನ್ನು ನಿರ್ಮಿಸುತ್ತಿದ್ದುವು. ಮುಂದೆ, ಆಧಾರಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳುಳ್ಳ ತಗ್ಗುಶ್ರುತಿಯೇ ರೂಢಿಯಾಯಿತು. ಏರುಶ್ರುತಿಯ ವಾದ್ಯದಲ್ಲಿ ರಂಧ್ರಗಳ ಅಂತರವೇ ಬೇರೆ. ಊದುವ ತುದಿಯನ್ನು ಹೊರಕ್ಕೆ ಸರಿಸಿ ಶ್ರುತಿಯನ್ನಿಳಿಸಿದರೂ ಸ್ವರಗಳು ಪರಸ್ಪರ ಹೊಂದವು. ಅದು ಇಂದಿನ ಮೇಳಕ್ಕೆ ಸಲ್ಲದು. ಒಡಲನ್ನೇ ಕೊರೆದು ತಿದ್ದಹೊರಟರೆ ಆ ಕಾಲದ ಶ್ರುತಿಯ ಸಾಕ್ಷ್ಯವೇ ಅಳಿಯುವುದು. ಆದಕಾರಣ ವಿವೇಕಿಗಳಾದ ಸಂಗ್ರಾಹಕರು ಅಂತಹ ವಾದ್ಯವನ್ನು ಶುಚಿಗೊಳಿಸಿ, ಇದ್ದಂತೆಯೇ ಕಾಪಾಡುವರು.