ದ್ರಾಕ್ಷಾಪಾಕವೂ ಬೆಂಗಳೂರು ನೀಲಿ ದ್ರಾಕ್ಷಿಯೂ

ಒಳಗೂ ಹೊರಗೂ ರಸವು ಒಡನೆಯೇ ಸ್ಫುರಿಸುವ ಕಾವ್ಯವನ್ನು ಆಲಂಕಾರಿಕರು ದ್ರಾಕ್ಷಾಪಾಕವೆಂದರು. ಒಡೆದು ಸವಿಯಬೇಕಾದುದು ನಾರಿಕೇಳಪಾಕ. ಸಾಸಲು ಹೋಬಳಿಯುಳ್ಳ ದೊಡ್ಡಬಳ್ಳಾಪುರ ತಾಲ್ಲೂಕೂ ಸೇರಿದಂತೆ ಬೆಂಗಳೂರಿನ ಸುತ್ತಣ ಸೀಮೆಯಲ್ಲಿ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಯನ್ನು ತೋರಿಸಿ ಈ ಪರಿಭಾಷೆಯನ್ನು ಬೋಧಿಸಿದರೆ ಅರ್ಥವು ಕೆಡುವುದು. ಇದರ ಸಿಪ್ಪೆ ದಪ್ಪ. ಹಿಸುಕಿದೊಡನೆ ತಿರುಳಿನಿಂದ ಬೇರ್ಪಡುತ್ತದೆ. ಅನೇಕರು ಅದನ್ನು ಉಗುಳುವರು. ಇದಕ್ಕೆ ಕಾರಣವು ವಂಶದಲ್ಲಿದೆ. ಸಂಸ್ಕೃತ ಕವಿಗಳರಿತ ದ್ರಾಕ್ಷೆಯು ಪಶ್ಚಿಮ ಏಷ್ಯದಿಂದ ಹಬ್ಬಿದ ‘ವಿಟಿಸ್ ವಿನಿಫೆರಾ’ ಜಾತಿಯದು. ನೀಲಿಯಾದರೋ ಅಮೆರಿಕದ ‘ವಿಟಿಸ್ ಲಬ್ರುಸ್ಕಾ’ ಸಂತತಿಗೆ ಸೇರಿದುದು. ಪಾನಕಕ್ಕೂ ಸಿಹಿಮದ್ಯಕ್ಕೂ ಒದಗುವ ಹಿಂಡಿದ ರಸವೇ ಇದರ ಹಿರಿಮೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತು ಊರಿನ ಹೆಸರು ಸ್ಥಿರವಾಯಿತು. ಆದರೂ ಹೆಸರಿನ ಐಕ್ಯವು ವಸ್ತುವಿನ ಐಕ್ಯವಲ್ಲ. ಲಕ್ಷಣಗ್ರಂಥದ ಉಪಮಾನವನ್ನು ಅರಿಯಲು ಆ ಕಾಲದ ಹಣ್ಣನ್ನೇ ಅರಿಯಬೇಕು.