ಬಿ.ಎ. ಓದುವವರ ಜೀವಶಾಸ್ತ್ರ

ಜೀವಶಾಸ್ತ್ರ ಅಂದರೆ ಕಪ್ಪೆ ಕುಯ್ಯುವವರ ವಿದ್ಯೆ, ಡಾಕ್ಟರಾಗುವ ಮಕ್ಕಳಿಗೆ ಬೇಕಾದ್ದು, ಬಿ.ಎ. ಓದೋ ಕೇರಿಯ ಹುಡುಗನಿಗೆ ಅದರ ಗೊಡವೆ ಯಾಕೆ ಎಂದು ಕೇಳುವವರಿದ್ದಾರೆ. ಡಾಕ್ಟರು ಒಂದು ಸಲಕ್ಕೆ ಒಬ್ಬ ರೋಗಿಯ ರಕ್ತ ನೋಡ್ತಾನೆ. ಬಿ.ಎ. ಓದಿ ಮೇಷ್ಟ್ರೋ ವಕೀಲನೋ ತಹಸೀಲ್ದಾರನೋ ಆದವನು ಇಡೀ ಊರಿನ ರಕ್ತವನ್ನೇ ಮೇಲು ಕೀಳು ಅಂತ ವಿಂಗಡಿಸಬಲ್ಲ. ಆದ್ದರಿಂದ ವಿಜ್ಞಾನ ಓದದವರಿಗೆ ಎಂಥ ಜೀವಶಾಸ್ತ್ರ ಹೇಳಿಕೊಟ್ಟರು ಅನ್ನೋ ಚರಿತ್ರೆ ನಮಗೆ ಸಂಬಂಧಪಟ್ಟದ್ದು.

ಶುರುವಿನಲ್ಲಿ ಈ ಚರಿತ್ರೆ ಚೆನ್ನಾಗಿಯೇ ಇತ್ತು. ಡಾರ್ವಿನ್ನನ ಗ್ರಂಥ 1859ರಲ್ಲಿ ಬಂತು. ಮೂರೇ ವರ್ಷಕ್ಕೆ, 1862ರಲ್ಲಿ, ಥಾಮಸ್ ಹಕ್ಸ್ಲಿ ಲಂಡನ್ನಿನಲ್ಲಿ ದುಡಿಯುವ ಜನರನ್ನು ಕೂರಿಸಿಕೊಂಡು ಆರು ಉಪನ್ಯಾಸ ಕೊಟ್ಟ. ಪಾದ್ರಿಗಳಿಗೆ ನುಂಗಲಾಗದ ವಿಷಯವನ್ನು ಕೂಲಿಕಾರರು ಕೂತು ಕೇಳಿದರು.

ಆಮೇಲೆ ಬಂದದ್ದು ಬೇರೆ. ಡಾರ್ವಿನ್ನನ ಬಂಧು ಗಾಲ್ಟನ್ 1883ರಲ್ಲಿ ‘ಯೂಜೆನಿಕ್ಸ್’ ಎಂಬ ಹೆಸರು ಕಟ್ಟಿದ. ಕನ್ನಡದಲ್ಲಿ ಅದನ್ನು ಸುಪ್ರಜನನಶಾಸ್ತ್ರ ಅಂತಾರೆ. ಹೋರಿ ಆರಿಸಿ ದನದ ತಳಿ ಸುಧಾರಿಸುವ ಹಾಗೆ ಮನುಷ್ಯರನ್ನೂ ಸುಧಾರಿಸಬೇಕು, ಕೀಳು ವಂಶಗಳು ಬೆಳೆಯದ ಹಾಗೆ ತಡೆಯಬೇಕು ಅನ್ನೋದು ಅದರ ವಾದ. 1920ರ ದಶಕದ ಹೊತ್ತಿಗೆ ಅಮೆರಿಕದ ನೂರಾರು ಕಾಲೇಜುಗಳಲ್ಲಿ ಇದು ಪಾಠವಾಯಿತು. ಬಡತನ, ಕುಡಿತ, ಕಳ್ಳತನ ಎಲ್ಲವೂ ರಕ್ತದಲ್ಲೇ ಹರಿದು ಬರುತ್ತದೆ ಎಂದು ಕಲಿಸಿದರು. ಕೂಲಿ ಎಷ್ಟು ಕೊಡ್ತೀರಿ ಅಂತ ಕೇಳುವ ಗೋಜೇ ಬೇಡ ನೋಡಿ! ಶಾಲೆಗಳಿಗೆ 1914ರಲ್ಲೇ ಹಂಟರ್ ಎಂಬಾತನ ‘ಎ ಸಿವಿಕ್ ಬಯಾಲಜಿ’ ಬಂದಿತ್ತು. ಹೆಸರೇ ನಾಗರಿಕರ ಜೀವಶಾಸ್ತ್ರ; ಒಳಗೆ ಮನುಷ್ಯಕುಲವನ್ನು ಐದು ಭಾಗ ಮಾಡಿ, ಬಿಳಿಯರನ್ನು ತುದಿಗೆ ಏರಿಸಿ ಕೂರಿಸಿತ್ತು. ವಿಕಾಸವಾದ ಹೇಳಿಕೊಟ್ಟ ಅಂತ 1925ರಲ್ಲಿ ಸ್ಕೋಪ್ಸ್ ಎಂಬ ಮೇಷ್ಟ್ರನ್ನು ಕೋರ್ಟಿಗೆಳೆದರಲ್ಲ, ಆತನ ಕೈಲಿದ್ದದ್ದು ಇದೇ ಪುಸ್ತಕ. ನಮ್ಮ ವಿಚಾರವಾದಿಗಳು ಆ ಮೊಕದ್ದಮೆಯನ್ನು ಹೊಗಳ್ತಾರೆ, ಪುಸ್ತಕದ ಹಾಳೆ ತಿರುವಿ ನೋಡೋರು ಕಡಿಮೆ.

1927ರಲ್ಲಿ ವರ್ಜೀನಿಯಾದ ಕ್ಯಾರಿ ಬಕ್ ಎಂಬ ಬಡ ಬಿಳಿಯ ಹೆಣ್ಣುಮಗಳ ಮೇಲೆ ಬುದ್ಧಿಗೇಡಿ ಎಂಬ ಹಣೆಪಟ್ಟಿ ಹಚ್ಚಿ, ಆಕೆಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟು ಹೇಳಿತು. ಎಂಟು ಜನ ಹೂಂ ಅಂದರು, ಒಬ್ಬ ಒಲ್ಲೆ ಅಂದ. ಆಕೆ ಬಲಾತ್ಕಾರಕ್ಕೆ ಸಿಕ್ಕಿ ತಾಯಿಯಾದವಳು; ಹಣೆಪಟ್ಟಿ ಸುಳ್ಳೆಂದು ಆಮೇಲೆ ಗೊತ್ತಾಯಿತು. ಆ ದೇಶದಲ್ಲಿ ಹೀಗೆ ಕತ್ತರಿಗೆ ಸಿಕ್ಕವರು 60,000ಕ್ಕೂ ಹೆಚ್ಚು. ತೀರ್ಪು ಕೊಟ್ಟ ಎಂಟರಲ್ಲಿ ಒಬ್ಬನೂ ಜೀವಶಾಸ್ತ್ರಜ್ಞನಲ್ಲ.

ಈ ರೋಗ ಏರುತ್ತಿದ್ದ ಕಾಲದಲ್ಲೇ, 1913ರಿಂದ 1916ರವರೆಗೆ, ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲೇ ಒಂದು ಕೋಣೆಯಲ್ಲಿ ಮಾರ್ಗನ್ ಮತ್ತವನ ಶಿಷ್ಯರು ಹಾಲಿನ ಬಾಟಲಿಗಳಲ್ಲಿ ಹಣ್ಣಿನ ನೊಣ ಸಾಕಿ, ವಂಶವಾಹಿಗಳು ವರ್ಣತಂತುಗಳ ಮೇಲಿವೆ ಎಂದು ತೋರಿಸುತ್ತಿದ್ದರು. ಅಲ್ಲಿಯ ಮಾನವಶಾಸ್ತ್ರದ ಗುರು ಬೋವಾಸ್, ವಲಸೆ ಬಂದವರ ಮಕ್ಕಳ ತಲೆಯಳತೆ ಹೊಸ ನೆಲದಲ್ಲಿ ಬದಲಾಗುತ್ತದೆಂದು ಅಳೆದು ತೋರಿಸಿದ್ದ. ಇತ್ತ ಇಂಡಿಯಾದಲ್ಲಿ ಅದಕ್ಕೂ ಮುಂಚೆ ರಿಸ್ಲೆ ದೊರೆ ಜನರ ಮೂಗು ಅಳೆದು ಜಾತಿಯ ಎತ್ತರ ಹೇಳಿದ್ದ! ಅಂಬೇಡ್ಕರ್ ಓದಿದ್ದು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮಾನವಶಾಸ್ತ್ರ. ಆದರೆ 1936ರ ‘ಜಾತಿ ವಿನಾಶ’ದಲ್ಲಿ ಅವರು ಸುಪ್ರಜನನದ ವಾದವನ್ನು ಅದರ ಅಂಗಳದಲ್ಲೇ ಹಿಡಿದು ಕೆಡವಿದರು. ಪಂಜಾಬಿನ ಬ್ರಾಹ್ಮಣನೂ ಅಲ್ಲಿಯ ಚಮ್ಮಾರನೂ ಒಂದೇ ಮೂಲದವರು ಅಂದರು. ರಕ್ತಶುದ್ಧಿಗಾಗಿ ಮದುವೆ ಬೇಡ ಅನ್ನೋದಾದರೆ, ಒಟ್ಟಿಗೆ ಉಣ್ಣಬಾರದು ಅಂತ ಯಾಕಿದೆ, ಊಟದಿಂದ ರಕ್ತ ಕೆಡುವುದುಂಟೇ ಎಂದು ಕೇಳಿದರು. ಇಷ್ಟು ಜೀವಶಾಸ್ತ್ರ ಬಿ.ಎ. ತರಗತಿಯಲ್ಲಿ ಒಂದು ಗಂಟೆಯ ಪಾಠ; ಸಾರು ಹೊಟ್ಟೆಗೆ ಹೋಗುತ್ತೆ, ವಂಶವಾಹಿಗೆ ಹೋಗಲ್ಲ ಅಂತ ಹೇಳಿದರೆ ಮುಗಿಯಿತು.

ಮುಂದೆ ಅದೇ ಕೊಲಂಬಿಯಾದ ಡನ್ ಮತ್ತು ದೊಬ್ಜಾನ್‌ಸ್ಕಿ ಎಂಬ ತಳಿವಿಜ್ಞಾನಿಗಳು 1946ರಲ್ಲಿ ಸಾಮಾನ್ಯ ಓದುಗರಿಗಾಗಿ ಆನುವಂಶಿಕತೆ ಮತ್ತು ಜನಾಂಗದ ಬಗ್ಗೆ ಒಂದು ಅಗ್ಗದ ಪುಸ್ತಕ ಬರೆದರು. ಹಿಟ್ಲರನ ಗ್ಯಾಸ್ ಕೋಣೆಗಳು ಹೊರಬಿದ್ದು ಇನ್ನೂ ವರ್ಷವಾಗಿತ್ತಷ್ಟೆ. ಇದೇ ದೊಬ್ಜಾನ್‌ಸ್ಕಿ 1973ರಲ್ಲಿ ನಮ್ಮ ಜಾತಿಪದ್ಧತಿಯನ್ನು ಮನುಷ್ಯರ ಮೇಲೆ ನಡೆದ ಭಾರಿ ತಳಿಪ್ರಯೋಗ ಎಂದು ಪರಿಶೀಲಿಸಿ, ಅದು ಸೋತ ಪ್ರಯೋಗ ಅಂತ ಬರೆದ. ಕಸುಬಿಗೆ ತಕ್ಕ ತಳಿ ಹುಟ್ಟಲೇ ಇಲ್ಲ; ಯಾವ ಕೇರಿಯಲ್ಲಾದರೂ ಯಾವ ಕೆಲಸಕ್ಕಾದರೂ ತಕ್ಕವರು ಹುಟ್ಟುತ್ತಾರೆ.

2013ರಲ್ಲಿ ಹೈದರಾಬಾದಿನ ಮತ್ತು ಹಾರ್ವರ್ಡಿನ ವಿಜ್ಞಾನಿಗಳು ಉಪಖಂಡದ 73 ಗುಂಪುಗಳ ಡಿಎನ್‌ಎ ಹೋಲಿಸಿ ನೋಡಿದರು. ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಇಲ್ಲಿಯ ಜನ ಧಾರಾಳವಾಗಿ ಬೆರೆತರು, ಆಮೇಲೆ ಒಳಮದುವೆಯ ಬಾಗಿಲು ಬಿತ್ತು ಅನ್ನೋದು ಅವರ ಲೆಕ್ಕ. ಇಲ್ಲಿಯ ಜನರೆಲ್ಲ ಬೆರೆತವರೇ, ಆ ಬೆರಕೆಯ ಮೇಲೆ ಒಳಮದುವೆಯನ್ನು ಹೇರಿದ್ದೇ ಜಾತಿ ಎಂಬ ಪ್ರಬಂಧವನ್ನು 25 ವರ್ಷದ ಅಂಬೇಡ್ಕರ್ ಕೊಲಂಬಿಯಾದ ಗೋಲ್ಡನ್‌ವೈಸರ್ ಮೇಷ್ಟ್ರ ತರಗತಿಯಲ್ಲಿ ಓದಿದ್ದು 1916ರ ಮೇ 9ರಂದು.